ಲಿಫ್ಟ್ ಮಾಡಿದ ಮೇಲೆ ಗಾಡಿ ವಾಲುತ್ತಿದೆಯಾ, ಟಕ್ ಅನ್ನುತ್ತಿದೆಯಾ? ಹೊಸ ಸ್ಪ್ರಿಂಗ್ ತರುವ ಮುಂಚೆ ಟೇಪ್ ಹಿಡಿಯಿರಿ

ಲಿಫ್ಟ್ ಕಿಟ್, ಅಂದರೆ ಗಾಡಿಯನ್ನು ಎತ್ತರಿಸುವ ಸ್ಪ್ರಿಂಗ್ ಮತ್ತು ಶಾಕ್‌ನ ಸೆಟ್, ಹಾಕಿದ ಮೊದಲ ದಿನ ಗಾಡಿ ನೋಡೋಕೆ ಭಾರಿ ಚೆನ್ನಾಗಿರುತ್ತದೆ. ಎರಡನೇ ದಿನ ಒಂದು ಕಡೆ ವಾಲಿದ ಹಾಗೆ ಕಾಣುತ್ತದೆ. ಮೂರನೇ ದಿನ ಹಂಪ್ ದಾಟುವಾಗ ಕೆಳಗೆ ಎಲ್ಲೋ ‘ಟಕ್’. ಆಮೇಲೆ ಸಿಕ್ಕವರೆಲ್ಲ ಹೇಳುವುದು ಒಂದೇ: ಸ್ಪ್ರಿಂಗ್ ಸರಿಯಿಲ್ಲ, ಬದಲಾಯಿಸು.

ಕಾಯಿಲ್ ಸ್ಪ್ರಿಂಗ್ ಅಂದರೆ ಸುರುಳಿ ಸುತ್ತಿದ ಒಂದು ಉಕ್ಕಿನ ಸರಳು, ಅಷ್ಟೇ. ಅದರೊಳಗೆ ಕೆಡುವಂಥದ್ದು ಜಾಸ್ತಿ ಏನೂ ಇಲ್ಲ. ಕೆಡುವುದು ಅದರ ಸುತ್ತಮುತ್ತ ಇರುವುದು: ಬುಶ್ (ಕೀಲುಗಳಲ್ಲಿರುವ ರಬ್ಬರ್), ರಬ್ಬರ್ ಪ್ಯಾಡ್, ಶಾಕ್‌ನ (ಕುಲುಕಾಟ ತಡೆಯುವ ಕೊಳವೆಯ) ಉದ್ದ, ಬಂಪ್ ಸ್ಟಾಪ್ (ಚಕ್ರ ತೀರಾ ಮೇಲೆ ಬರದಂತೆ ತಡೆಯುವ ತುಂಡು), ಆಕ್ಸಲ್ (ಎಡ ಬಲ ಚಕ್ರಗಳನ್ನು ಸೇರಿಸುವ ಅಡ್ಡ ದಂಡ) ಹಿಡಿದಿರುವ ರಾಡ್‌ಗಳು. ಗಾಡಿ 50 ಮಿ.ಮೀ. ಮೇಲೆ ಹೋದಾಗ ಇವೆಲ್ಲದರ ಕೋನ ಬದಲಾಗಿರುತ್ತದೆ, ಆದರೆ ಎಷ್ಟೋ ಕಿಟ್‌ಗಳಲ್ಲಿ ಬರುವುದು ಬರೀ ಸ್ಪ್ರಿಂಗ್ ಮತ್ತು ಶಾಕ್.

ಕೆಲಸ ಶುರು ಮಾಡುವ ಮುಂಚೆ ಒಂದು ಮಾತು. ಜ್ಯಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ತೂರಬೇಡಿ. ಚಾಸಿ ಕೆಳಗೆ ಸ್ಟ್ಯಾಂಡ್ ಇಡಿ, ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಡಿ. ಅದುಮಿಟ್ಟ ಸ್ಪ್ರಿಂಗ್ ಎದುರಿಗೆ ಮುಖ ಇಡಬೇಡಿ.

ಮೊದಲು ಅಳತೆ

ಕಣ್ಣಳತೆ ಮೋಸ ಮಾಡುತ್ತದೆ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ಹಾಕಿ, ಒಂದಿಷ್ಟು ದೂರ ಹಿಂದೆ ಮುಂದೆ ಓಡಿಸಿ. ಜ್ಯಾಕ್‌ನಿಂದ ಇಳಿಸಿದ ಕೂಡಲೇ ಅಳೆದರೆ ತಪ್ಪು ಲೆಕ್ಕ ಬರುತ್ತದೆ, ಯಾಕೆಂದರೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಪ್ರತಿ ಚಕ್ರವೂ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುವ ಜೋಡಣೆ) ಇರುವ ಗಾಡಿಗಳಲ್ಲಿ ಇಳಿಸಿದಾಗ ಚಕ್ರಗಳು ಒಳಕ್ಕೆ ಎಳೆದುಕೊಂಡು ನಿಂತಿರುತ್ತವೆ, ಟೈರ್ ಉರುಳಿದ ಮೇಲೇ ಅವು ಅಗಲಕ್ಕೆ ಸರಿದು ಗಾಡಿ ಪೂರ್ತಿ ಕೂರುವುದು.

ಈಗ ನೆಲದಿಂದ ಅಳೆಯಬೇಡಿ. ಚಕ್ರದ ನಟ್ಟನಡುವಿನಿಂದ ನೇರ ಮೇಲೆ ಫೆಂಡರ್ (ಚಕ್ರದ ಮೇಲಿನ ಬಾಡಿ ತಗಡು) ಅಂಚಿನ ತನಕ ಅಳೆಯಿರಿ. ಟೈರ್ ಸೈಜು, ಸವೆತ ಯಾವುದೂ ಈ ಅಳತೆಗೆ ಅಡ್ಡ ಬರುವುದಿಲ್ಲ. ನಾಲ್ಕು ಮೂಲೆಯ ನಾಲ್ಕು ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಇನ್ನೊಂದು ಅಳತೆ, ಇದನ್ನು ಯಾರೂ ತೆಗೆದುಕೊಳ್ಳುವುದಿಲ್ಲ: ಸ್ಪ್ರಿಂಗ್ ಕೂರುವ ಮೇಲಿನ ಸೀಟಿಗೂ ಕೆಳಗಿನ ಸೀಟಿಗೂ ಎಷ್ಟು ದೂರ, ಎಡಕ್ಕೆಷ್ಟು, ಬಲಕ್ಕೆಷ್ಟು. ಫೆಂಡರ್ ಅಳತೆಯಲ್ಲಿ 15 ಮಿ.ಮೀ. ವ್ಯತ್ಯಾಸ ಇದ್ದು ಸೀಟಿನ ಅಳತೆ ಎರಡೂ ಕಡೆ ಒಂದೇ ಇದ್ದರೆ, ತಪ್ಪು ಸ್ಪ್ರಿಂಗ್‌ನದ್ದಲ್ಲ. ಬಾಡಿ ಮತ್ತು ಚಾಸಿ ನಡುವಿನ ರಬ್ಬರ್ ಕುಸಿದಿರಬಹುದು, ಇಲ್ಲವೇ ಹಳೇ ಗುದ್ದಿಗೆ ಫೆಂಡರ್ ಸರಿದಿರಬಹುದು.

ವಾಲುತ್ತಿದ್ದರೆ

ಸೀಟಿನ ಅಳತೆಯಲ್ಲೇ ವ್ಯತ್ಯಾಸ ಇದೆ ಅನ್ನಿ. ಮೊದಲು ಸ್ಪ್ರಿಂಗ್ ಮೇಲಿನ ನಂಬರ್ ಓದಿ. ಕೆಲವು ಗಾಡಿಗಳಿಗೆ ಎಡ ಬಲ ಬೇರೆ ಬೇರೆ ಸ್ಪ್ರಿಂಗ್ ಬರುತ್ತದೆ, ಡ್ರೈವರ್ ಕೂರುವ ಕಡೆ ಭಾರ ಜಾಸ್ತಿ ಅಂತ ಆ ಕಡೆಯದ್ದು ಸ್ವಲ್ಪ ಎತ್ತರ. ಅದಲುಬದಲಾದರೆ ವಾಲುವುದು ದುಪ್ಪಟ್ಟಾಗುತ್ತದೆ. ರಬ್ಬರ್ ಪ್ಯಾಡ್ ಒಂದು ಕಡೆ ಇದ್ದು ಇನ್ನೊಂದು ಕಡೆ ಹಳೇ ಸ್ಪ್ರಿಂಗ್ ಜೊತೆ ಹೊರಗೇ ಹೋಗಿರುವುದೂ ಉಂಟು.

ಅದು ಸರಿ ಇದ್ದರೆ, ತಿರುವಿನಲ್ಲಿ ಗಾಡಿ ವಾಲದಂತೆ ಎಡ ಬಲ ಸೇರಿಸಿರುವ ಆಂಟಿ ರೋಲ್ ಬಾರ್‌ನ ಲಿಂಕ್ ಒಂದು ಕಡೆ ಬಿಚ್ಚಿ. ಗಾಡಿ ಸಮ ಆಯಿತಾ? ಹಾಗಿದ್ದರೆ ಬಾರ್ ತಿರುಚಿಕೊಂಡು ಒಂದು ಕಡೆಯನ್ನು ಎಳೆಯುತ್ತಿತ್ತು ಅಂತ ಅರ್ಥ. ಆಗಲಿಲ್ಲ ಅಂದರೆ ಕೊನೇ ಪರೀಕ್ಷೆ: ಎಡ ಬಲ ಸ್ಪ್ರಿಂಗ್ ಅದಲುಬದಲು ಮಾಡಿ. ವಾಲುವುದು ಸ್ಪ್ರಿಂಗ್ ಜೊತೆಗೇ ಆ ಕಡೆಗೆ ಹೋದರೆ ಮಾತ್ರ ಸ್ಪ್ರಿಂಗ್ ತಪ್ಪು. ಅಲ್ಲೇ ಉಳಿದರೆ ಅಂಗಡಿಯವನ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ.

“ಬ್ಯಾಟರಿ ಆ ಕಡೆ ಇದೆ, ಅದಕ್ಕೇ ವಾಲುತ್ತದೆ” ಅನ್ನುವವರಿಗೆ ಒಂದು ಸಣ್ಣ ಲೆಕ್ಕ. ಒಂದು ಮಿ.ಮೀ. ಅದುಮಲು 30 ನ್ಯೂಟನ್, ಅಂದರೆ ಸುಮಾರು 3 ಕೆ.ಜಿ. ಬೇಕಾಗುವ ಸ್ಪ್ರಿಂಗ್ ಅಂದುಕೊಳ್ಳಿ. ಸರಿಯಾಗಿ ಅದರ ತಲೆ ಮೇಲೇ 20 ಕೆ.ಜಿ. ಇಟ್ಟರೂ ಅದು ಕೂರುವುದು 7 ಮಿ.ಮೀ. ಒಳಗೆ. 25 ಮಿ.ಮೀ. ವಾಲಿದ್ದಕ್ಕೆ ಬ್ಯಾಟರಿಯನ್ನು ದೂರಿದರೆ ಆಗುವುದಿಲ್ಲ.

ಬುಶ್: ನನ್ನ ಮೂರು ವಾರ ನುಂಗಿದ್ದು

ನಾನು ಮೊದಲ ಸಲ ಲಿಫ್ಟ್ ಮಾಡಿದಾಗ ಗಾಡಿ ಹೇಳಿದ್ದಕ್ಕಿಂತ ಜಾಸ್ತಿ ಎತ್ತರ ನಿಂತಿತ್ತು, ಒಂದು ಕಡೆ ವಾಲಿತ್ತು, ಮರದ ಗಾಡಿಯಲ್ಲಿ ಕೂತ ಹಾಗೆ ಕುಲುಕುತ್ತಿತ್ತು. ಸ್ಪ್ರಿಂಗ್ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಸಾಕಾಯಿತು. ಕೊನೆಗೆ ಗೊತ್ತಾಗಿದ್ದು ಇಷ್ಟೇ: ಗಾಡಿ ಸ್ಟ್ಯಾಂಡ್ ಮೇಲೆ ಇದ್ದು ಆಕ್ಸಲ್ ನೇತಾಡುತ್ತಿರುವಾಗಲೇ ನಾನು ಆಕ್ಸಲ್ ಹಿಡಿದಿರುವ ಎಲ್ಲಾ ಆರ್ಮ್‌ಗಳ ಬೋಲ್ಟ್‌ಗಳನ್ನು ಪೂರ್ತಿ ಟೈಟ್ ಮಾಡಿಬಿಟ್ಟಿದ್ದೆ.

ಕಂಪನಿಯಿಂದ ಬರುವ ರಬ್ಬರ್ ಬುಶ್ ಬಹುಪಾಲು ಒಳಗಿನ ಮತ್ತು ಹೊರಗಿನ ಕೊಳವೆಗೆ ಅಂಟಿಕೊಂಡಿರುತ್ತದೆ. ಅದು ಬೇರಿಂಗ್ ಥರ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ನೇತಾಡುವಾಗ ಟೈಟ್ ಮಾಡಿದರೆ ಅದೇ ಅದರ ‘ಸುಮ್ಮನಿರುವ’ ಜಾಗ ಆಗುತ್ತದೆ, ಗಾಡಿ ನೆಲಕ್ಕೆ ಇಳಿದಾಗ ಬುಶ್ ಪೂರ್ತಿ ತಿರುಚಿಕೊಂಡು ತಾನೂ ಒಂದು ಸ್ಪ್ರಿಂಗ್ ಆಗಿ ಗಾಡಿಯನ್ನು ಮೇಲಕ್ಕೆ ನೂಕುತ್ತಲೇ ಇರುತ್ತದೆ. ಸ್ವಲ್ಪ ದಿನಕ್ಕೆ ರಬ್ಬರ್ ಹರಿಯುತ್ತದೆ. ಆಗ ಎತ್ತರ ಕುಸಿಯುತ್ತದೆ, ನೀವು “ಸ್ಪ್ರಿಂಗ್ ಸತ್ತುಹೋಯಿತು” ಅನ್ನುತ್ತೀರಿ.

ಮದ್ದು ಸುಲಭ. ಗಾಡಿ ಅದರ ನಾಲ್ಕು ಚಕ್ರದ ಮೇಲೆ ನಿಂತಿರುವಾಗ ಆರ್ಮ್, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್, ಶಾಕ್‌ನ ಕೆಳಗಿನ ಕಣ್ಣು, ಎಲ್ಲದರ ಬೋಲ್ಟ್ ಸಡಿಲಿಸಿ. ಪೂರ್ತಿ ಬಿಚ್ಚಬೇಡಿ, ಬುಶ್ ಬಿಗಿ ಬಿಡುವಷ್ಟು ಮಾತ್ರ. ಗಾಡಿಯನ್ನು ಮೇಲೆ ಕೆಳಗೆ ನಾಲ್ಕು ಸಲ ಕುಲುಕಿ. ಅಲ್ಲೇ ನಿಂತ ಎತ್ತರದಲ್ಲಿ ಟಾರ್ಕ್ ರೆಂಚ್‌ನಿಂದ, ಗಾಡಿಯ ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಬಿಗಿ ಮಾಡಿ. ಲಿಫ್ಟ್ ಆದ ಮೇಲೆ ಬಂದ ಯಾವ ದೂರಿಗೂ ನಾನು ಮೊದಲು ಮಾಡಿಸುವುದು ಇದನ್ನೇ. ಖರ್ಚಿಲ್ಲ, ಅರ್ಧ ಗಂಟೆ ಸಾಕು.

ಟಕ್ ಟಕ್ ಸದ್ದು

ಸ್ಪ್ರಿಂಗ್‌ನ ತುದಿ ಸೀಟಿನಲ್ಲಿರುವ ಗುಂಡಿಗೆ ಸರಿಯಾಗಿ ಕೂರಬೇಕು. ಒಂದಿಷ್ಟು ತಿರುಗಿ ಕೂತಿದ್ದರೂ ಭಾರ ಬಿದ್ದಾಗ ಜಾರಿ ಟಕ್ ಅನ್ನುತ್ತದೆ. ಇದನ್ನು ಹಿಡಿಯಲು ಒಂದು ಸೀಮೆಸುಣ್ಣ ಸಾಕು: ಸ್ಪ್ರಿಂಗ್ ಮೇಲೂ ಸೀಟಿನ ಮೇಲೂ ಸೇರಿಸಿ ಒಂದು ಗೆರೆ ಎಳೆಯಿರಿ, ಕಚ್ಚಾ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಗೆರೆ ಎರಡಾಗಿದ್ದರೆ ಸ್ಪ್ರಿಂಗ್ ತಿರುಗುತ್ತಿದೆ.

ಇನ್ನು ನೇತಾಡುವಾಗಿನ ಸಮಸ್ಯೆ. ಚಾಸಿಯನ್ನು ಸ್ಟ್ಯಾಂಡ್ ಮೇಲಿಟ್ಟು ಆಕ್ಸಲ್ ಪೂರ್ತಿ ಕೆಳಗೆ ಬಿಡಿ. ಕೈಯಲ್ಲಿ ಸ್ಪ್ರಿಂಗ್ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಅಥವಾ ಮೇಲೆ ಬೆರಳು ತೂರುವಷ್ಟು ಸಂದಿ ಇದ್ದರೆ, ಶಾಕ್ ಸ್ಪ್ರಿಂಗ್‌ಗಿಂತ ಉದ್ದ ಆಗಿದೆ. ಕಲ್ಲಿನ ಮೇಲೆ ಒಂದು ಚಕ್ರ ಏರಿ ಇನ್ನೊಂದು ಇಳಿದಾಗ ಸ್ಪ್ರಿಂಗ್ ಸೀಟು ಬಿಟ್ಟು ಸರಿಯುತ್ತದೆ, ಕೆಲವೊಮ್ಮೆ ಹೊರಗೇ ಬೀಳುತ್ತದೆ. ಕೆಳಗಿನ ಸುತ್ತನ್ನು ಹಿಡಿದಿಡುವ ಕ್ಲಾಂಪ್ ಹಾಕಿ, ಇಲ್ಲವೇ ಆಕ್ಸಲ್ ಅಷ್ಟು ಇಳಿಯದ ಹಾಗೆ ಲಿಮಿಟ್ ಸ್ಟ್ರ್ಯಾಪ್ ಕಟ್ಟಿ.

ಇದರ ಉಲ್ಟಾನೂ ಇದೆ. ಉದ್ದ ಸ್ಪ್ರಿಂಗ್ ಹಾಕಿ ಶಾಕ್ ಹಳೆಯದ್ದೇ ಬಿಟ್ಟರೆ ಹಂಪ್ ದಾಟಿ ಚಕ್ರ ಕೆಳಗೆ ಬೀಳುವ ಕ್ಷಣದಲ್ಲಿ ಶಾಕ್ ಪೂರ್ತಿ ಚಾಚಿ ಲೋಹಕ್ಕೆ ಲೋಹ ಬಡಿಯುತ್ತದೆ. ಸದ್ದು ಹಂಪ್ ಹತ್ತುವಾಗ ಬರುತ್ತದೋ ಇಳಿದ ಮೇಲೆ ಬರುತ್ತದೋ ಗಮನಿಸಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಆಕ್ಸಲ್ ಹೀಗೆ ನೇತಾಡುತ್ತಿರುವಾಗಲೇ ಬ್ರೇಕ್ ಹೋಸ್, ಎಬಿಎಸ್ ವೈರು, ಡಿಫರೆನ್ಷಿಯಲ್‌ನ ಬ್ರೀದರ್ (ಗಾಳಿಯಾಡುವ) ಪೈಪು ಬಿಗಿದು ನಿಂತಿವೆಯಾ ಅಂತಲೂ ನೋಡಿಬಿಡಿ. ಬ್ರೇಕ್ ಹೋಸ್ ಬಿಗಿದಿದ್ದರೆ ಮಿಕ್ಕಿದ್ದೆಲ್ಲ ಆಮೇಲೆ.

ಅದುಮಿದಷ್ಟೂ ಗಡಸಾಗುವ ಪ್ರೋಗ್ರೆಸಿವ್ ಸ್ಪ್ರಿಂಗ್‌ನಲ್ಲಿ ಒತ್ತೊತ್ತಾಗಿರುವ ಸುತ್ತುಗಳು ಒಂದಕ್ಕೊಂದು ತಾಗಿ ಸಣ್ಣ ಸದ್ದು ಮಾಡುವುದು ಅದರ ಸ್ವಭಾವ. ಬಣ್ಣ ಒಂದಿಷ್ಟು ಸವೆದಿರುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಬಾಳೆಹಣ್ಣಿನ ಥರ ಬಾಗಿದ ಸ್ಪ್ರಿಂಗ್

ಮುಂದೆಯೂ ಗಟ್ಟಿ ಆಕ್ಸಲ್ ಇರುವ ಗಾಡಿಗಳಲ್ಲಿ ಇದು ಮಾಮೂಲು. ಜಿಮ್ನಿ, ಹಳೇ ಡಿಫೆಂಡರ್ ಥರದ ಗಾಡಿಗಳಲ್ಲಿ ಮುಂದಿನ ಆಕ್ಸಲ್ ಅನ್ನು ರೇಡಿಯಸ್ ಆರ್ಮ್ (ಆಕ್ಸಲ್‌ನಿಂದ ಹಿಂದಕ್ಕೆ ಚಾಸಿಗೆ ಹೋಗುವ ಉದ್ದ ಸರಳು) ಗಟ್ಟಿಯಾಗಿ ಹಿಡಿದಿರುತ್ತದೆ. ಗಾಡಿ ಎತ್ತಿದಷ್ಟೂ ಆರ್ಮ್ ಇಳಿಜಾರಾಗಿ, ಅದರ ಜೊತೆ ಆಕ್ಸಲ್ಲೂ ತಿರುಗುತ್ತದೆ. ಆರ್ಮ್ 800 ಮಿ.ಮೀ. ಉದ್ದ ಇದ್ದು 50 ಮಿ.ಮೀ. ಲಿಫ್ಟ್ ಮಾಡಿದರೆ ಸುಮಾರು ಮೂರೂವರೆ ಡಿಗ್ರಿ. ಕೆಳಗಿನ ಸೀಟು ಅಷ್ಟು ವಾರೆಯಾದ ಮೇಲೆ ಸ್ಪ್ರಿಂಗ್ ನೆಟ್ಟಗೆ ಹೇಗೆ ನಿಲ್ಲುತ್ತದೆ ಹೇಳಿ? ಅಷ್ಟೇ ಅಲ್ಲ, ಕ್ಯಾಸ್ಟರ್ (ಸ್ಟೀರಿಂಗ್‌ಗೆ ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ) ಕೂಡ ಅಷ್ಟೇ ಕಮ್ಮಿಯಾಗಿ ಸ್ಟೀರಿಂಗ್ ಅಲೆದಾಡುತ್ತದೆ, ತಿರುವಿನ ನಂತರ ತಾನಾಗಿ ನೇರಕ್ಕೆ ಬರುವುದಿಲ್ಲ. ಕ್ಯಾಸ್ಟರ್ ಸರಿಪಡಿಸುವ ಬುಶ್ ಹಾಕಿ ಅಥವಾ ಆರ್ಮ್‌ನ ಚಾಸಿ ಕಡೆಯ ತುದಿಯನ್ನು ಕೆಳಗಿಳಿಸುವ ಬ್ರಾಕೆಟ್ ಹಾಕಿ. ಎರಡೂ ದೂರು ಒಟ್ಟಿಗೇ ಹೋಗುತ್ತವೆ. ಸ್ವಲ್ಪ ಬಾಗು ಇದ್ದರೆ ಪರವಾಗಿಲ್ಲ, ಸುತ್ತು ಸೀಟಿಗೆ ಅಥವಾ ಬಂಪ್ ಸ್ಟಾಪ್‌ಗೆ ಉಜ್ಜಿ ಹೊಳೆಯುತ್ತಿದ್ದರೆ ಮಾತ್ರ ಚಿಂತೆ.

ಮುಂದೆ ಹಿಂದೆ ಅಲ್ಲದೆ ಪಕ್ಕಕ್ಕೆ ವಾಲಿದ ಸ್ಪ್ರಿಂಗ್ ಆದರೆ ಪ್ಯಾನ್‌ಹಾರ್ಡ್ ರಾಡ್ ನೋಡಿ. ಅದರ ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್‌ಗೆ. ಲಿಫ್ಟ್ ಆದಾಗ ರಾಡ್ ಕಡಿದಾಗಿ, ಆಕ್ಸಲ್ ಅನ್ನು ರಾಡ್ ಚಾಸಿಗೆ ಕಟ್ಟಿರುವ ಕಡೆಗೆ ಎಳೆಯುತ್ತದೆ. 850 ಮಿ.ಮೀ. ರಾಡ್‌ನ ಎರಡು ತುದಿಗಳ ಎತ್ತರದ ವ್ಯತ್ಯಾಸ 100 ಇದ್ದದ್ದು 150 ಆದರೆ ಆಕ್ಸಲ್ ಸುಮಾರು 7 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಉದ್ದ ಬದಲಿಸಬಹುದಾದ ರಾಡ್ ಹಾಕಿ ಮಧ್ಯಕ್ಕೆ ತಂದರೆ ಆಯಿತು. ಹಳೇ ಡಿಫೆಂಡರ್‌ನ ಹಿಂದಿನ ಆಕ್ಸಲ್‌ಗೆ ಪ್ಯಾನ್‌ಹಾರ್ಡ್ ರಾಡೇ ಇಲ್ಲ, ಎ ಆಕಾರದ ಆರ್ಮ್ ಇದೆ, ಹಾಗಾಗಿ ಅಲ್ಲಿ ಈ ಕಾಟ ಇಲ್ಲ.

ಗುಂಡಿಗೆ ಬಿದ್ದಾಗ ಧಡ್ ಅಂದರೆ

ಇದು ಟಕ್ ಅಲ್ಲ, ಬೆನ್ನುಮೂಳೆಗೆ ಬಡಿಯುವ ಸದ್ದು. ಬಂಪ್ ಸ್ಟಾಪ್ ಮುಟ್ಟುವ ಮುಂಚೆಯೇ ಸ್ಪ್ರಿಂಗ್‌ನ ಸುತ್ತುಗಳೆಲ್ಲ ಒಂದಕ್ಕೊಂದು ಅಂಟಿ ಸ್ಪ್ರಿಂಗ್ ಗಟ್ಟಿ ಕೊಳವೆಯಾಗಿರಬಹುದು. ಲೆಕ್ಕ ಹೀಗೆ: ತಂತಿಯ ದಪ್ಪ 14 ಮಿ.ಮೀ., ಸುತ್ತು 8 ಇದ್ದರೆ ಪೂರ್ತಿ ಅದುಮಿದ ಎತ್ತರ ಸುಮಾರು 112 ಮಿ.ಮೀ. ಸ್ಪ್ರಿಂಗ್ ಮತ್ತು ಶಾಕ್ ಎರಡನ್ನೂ ತೆಗೆದು, ಆಕ್ಸಲ್ ಅನ್ನು ಜ್ಯಾಕ್‌ನಿಂದ ಬಂಪ್ ಸ್ಟಾಪ್ ಅದುಮುವ ತನಕ ಎತ್ತಿ, ಸೀಟಿನಿಂದ ಸೀಟಿಗೆ ಅಳೆಯಿರಿ. 112ಕ್ಕಿಂತ ಒಂದು ಬೆರಳಿನಷ್ಟಾದರೂ ಜಾಸ್ತಿ ಇರಬೇಕು. ಇಲ್ಲದಿದ್ದರೆ ಬಂಪ್ ಸ್ಟಾಪ್ ಉದ್ದ ಮಾಡಿ. ಹಾಗೇ ಶಾಕ್‌ನ ಎರಡು ಬೋಲ್ಟ್ ಜಾಗಗಳ ದೂರವನ್ನೂ ಅಳೆದುಬಿಡಿ: ಶಾಕ್ ಪೂರ್ತಿ ಕುಗ್ಗಿದಾಗಿನ ಉದ್ದ ಅದಕ್ಕಿಂತ ಕಮ್ಮಿ ಇರಲೇಬೇಕು. ಹೊಸ ಉದ್ದ ಶಾಕ್ ಹಾಕಿ ಬಂಪ್ ಸ್ಟಾಪ್ ಮರೆತವರ ಶಾಕ್ ಒಳಗಿನಿಂದಲೇ ಒಡೆದು ಎಣ್ಣೆ ಕಾರುವುದು ಹೀಗೆ.

ಸವಾರಿ ಕಲ್ಲಿನ ಥರ ಇದ್ದರೆ

ಬುಶ್ ಸರಿ ಮಾಡಿದ ಮೇಲೂ ಗಡಸು ಅನ್ನಿಸಿದರೆ, ನಿಮ್ಮ ಗಾಡಿಯ ಭಾರಕ್ಕೆ ತಪ್ಪು ಸ್ಪ್ರಿಂಗ್ ಬಂದಿರಬಹುದು. ಸ್ಟೀಲ್ ಬಂಪರ್, ವಿಂಚ್ ಹೊತ್ತ ಗಾಡಿಗೆ ಮಾಡಿದ ಸ್ಪ್ರಿಂಗ್ ಅನ್ನು ಬರಿಗೈ ಗಾಡಿಗೆ ಹಾಕಿದರೆ ಅದು ಕೂರುವುದೇ ಇಲ್ಲ. “ದಪ್ಪ ತಂತಿ ಒಳ್ಳೇದು” ಅಂತ ತಗೊಳ್ಳಬೇಡಿ. ಗಡಸುತನ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ, ಉಳಿದದ್ದೆಲ್ಲ ಅಷ್ಟೇ ಇದ್ದು 14 ಮಿ.ಮೀ. ತಂತಿ 15 ಆದರೆ ಸಾಕು, ಶೇಕಡ 30ಕ್ಕಿಂತ ಜಾಸ್ತಿ ಗಡಸು. ಎತ್ತರ ಜಾಸ್ತಿಯಾಯಿತು ಅಂತ ಸುತ್ತು ಕತ್ತರಿಸುವವರಿಗೂ ಇದೇ ಥರದ ಪಾಠ: ಸುತ್ತು ಕಮ್ಮಿಯಾದಷ್ಟೂ ಸ್ಪ್ರಿಂಗ್ ಇನ್ನೂ ಗಡಸಾಗುತ್ತದೆ. ಗ್ಯಾಸ್ ಕಟಿಂಗ್‌ನಿಂದ ಕಾಯಿಸಿ ಕೂರಿಸುವುದಂತೂ ಬೇಡವೇ ಬೇಡ, ಉಕ್ಕಿನ ಹದವೇ ಹೋಗುತ್ತದೆ.

ಮುಂದೆ ಇಂಡಿಪೆಂಡೆಂಟ್ ಇದ್ದು ಶಾಕ್ ಸುತ್ತಲೇ ಸ್ಪ್ರಿಂಗ್ ಇರುವ ಗಾಡಿಗಳಲ್ಲಿ ಲೆಕ್ಕ ಬೇರೆ. ಸ್ಪ್ರಿಂಗ್ ಕೂರುವ ಕಾಲರ್ (ಥ್ರೆಡ್ ಇರುವ ಬಳೆ) ತಿರುಗಿಸಿ ಎತ್ತರಿಸಿದರೆ ಸ್ಪ್ರಿಂಗ್ ಗಡಸಾಗುವುದಿಲ್ಲ, ಆದರೆ ಚಕ್ರ ಕೆಳಗೆ ಹೋಗುವ ಜಾಗ ಅಷ್ಟು ಕಮ್ಮಿಯಾಗುತ್ತದೆ. ಅತಿಯಾದರೆ ಪ್ರತಿ ಸಣ್ಣ ಉಬ್ಬಿಗೂ ಟಕ್. ಸ್ಟ್ರಟ್ (ಈ ಶಾಕ್ ಮತ್ತು ಸ್ಪ್ರಿಂಗ್ ಜೋಡಿ) ಮೇಲೆ ಸ್ಪೇಸರ್ (ಎತ್ತರಿಸುವ ಬಿಲ್ಲೆ) ಹಾಕುವವರು ಇನ್ನೊಂದು ನೆನಪಿಡಿ: ಸ್ಟ್ರಟ್ ಕೆಳಗಿನ ಆರ್ಮ್‌ನ ನಡುವೆ ಎಲ್ಲೋ ಕೂತಿರುವ ಗಾಡಿಯಲ್ಲಿ 25 ಮಿ.ಮೀ. ಸ್ಪೇಸರ್ ಚಕ್ರದ ಹತ್ತಿರ 50 ಮಿ.ಮೀ. ತನಕ ಎತ್ತುತ್ತದೆ. 50 ಬೇಕು ಅಂತ 50 ದಪ್ಪದ್ದೇ ಹಾಕಿದರೆ ಸಿವಿ ಜಾಯಿಂಟ್ (ಚಕ್ರವನ್ನು ತಿರುಗಿಸುವ ಶಾಫ್ಟ್‌ನ ಕೀಲು) ಮತ್ತು ಮೇಲಿನ ಬಾಲ್ ಜಾಯಿಂಟ್ ಗತಿ ಅಷ್ಟೇ. ಈ ಸ್ಟ್ರಟ್ ಬಿಚ್ಚಲು ಒಳ್ಳೇ ಸ್ಪ್ರಿಂಗ್ ಕಂಪ್ರೆಸರ್ ಬೇಕೇಬೇಕು. ಇಲ್ಲ ಅಂದರೆ ಇರುವವರ ಹತ್ತಿರ ಕೊಡಿ.

ನಿಜವಾಗಿಯೂ ಸ್ಪ್ರಿಂಗೇ ಕೆಟ್ಟಿರುವುದು ಯಾವಾಗ? ಮುರಿದಾಗ. ತುಂಬಾ ಸಲ ಮುರಿಯುವುದು ಕೆಳಗಿನ ಕೊನೇ ಸುತ್ತು, ಮಣ್ಣು ನೀರು ನಿಂತು ತುಕ್ಕು ಹಿಡಿದ ಜಾಗದಲ್ಲಿ. ಕೆಸರು ತೊಳೆದು, ಟಾರ್ಚ್ ಬಿಟ್ಟು, ಬೆರಳಾಡಿಸಿ ನೋಡಿ. ಇಲ್ಲವೇ ಕೂರುತ್ತಲೇ ಹೋದಾಗ. ಹೊಸ ಸ್ಪ್ರಿಂಗ್ ಮೊದಲ ಕೆಲವು ವಾರ ಒಂದಿಷ್ಟು ಕೂರುತ್ತದೆ, ಆಮೇಲೆ ನಿಲ್ಲಬೇಕು. ಅದಕ್ಕೇ ಮೊದಲ ದಿನದ ನಾಲ್ಕು ಸಂಖ್ಯೆ ಬರೆದಿಡಿ ಅಂದಿದ್ದು. ಒಂದು ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೆ ಅಳೆದು, ಬೋಲ್ಟ್‌ಗಳನ್ನು ಗಾಡಿ ನೆಲದ ಮೇಲೆ ನಿಂತಿರುವಾಗಲೇ ಇನ್ನೊಮ್ಮೆ ಟಾರ್ಕ್ ಮಾಡಿ, ಹೆಡ್‌ಲೈಟ್‌ನ ಬೆಳಕು ಕೆಳಗಿಳಿಸಿ, ಅಲೈನ್‌ಮೆಂಟ್ ಮಾಡಿಸಿ.