ಹರಕೆ ಆಟದ ವಿಡಿಯೋ ಎಲ್ಲರ ಟಿವಿಯಲ್ಲೂ ಓಡುವ ಹಾಗೆ ಮಾಡಿದ್ದು

ನಮ್ಮ ಮನೆ ಅಂಗಳದಲ್ಲಿ ಆದ ಯಕ್ಷಗಾನ ಹರಕೆ ಆಟದ (ಹರಕೆ ತೀರಿಸಲು ಆಡಿಸುವ ಪ್ರದರ್ಶನ) ಪೂರ್ತಿ ವಿಡಿಯೋ, ಅದರ ಜೊತೆಗೆ ಅಪ್ಪ-ಅಮ್ಮನ ಮದುವೆಯ ಡಿವಿಡಿ, ಮತ್ತೆ ಆಟಕ್ಕೆ ಬಂದ ನೆಂಟರೆಲ್ಲ ಫೋನಿನಲ್ಲಿ ತೆಗೆದ ಚಿಕ್ಕ ಚಿಕ್ಕ ಕ್ಲಿಪ್‌ಗಳು. ಇಷ್ಟನ್ನೂ ಪೆನ್‌ಡ್ರೈವ್‌ಗೆ ಹಾಕಿ ಸಂಬಂಧಿಕರ ಮನೆಗಳಿಗೆ ಕೊಡಬೇಕು ಅಂತ ಹೊರಟೆ. ಯೂಟ್ಯೂಬಿಗೆ ಹಾಕಿದರೆ ಆಯ್ತಲ್ಲ ಅಂತ ಕೆಲವರು ಹೇಳಿದರು. ನಮ್ಮ ಕಡೆ ಹಳ್ಳಿ ಮನೆಗಳಲ್ಲಿ ಮಳೆಗಾಲದಲ್ಲಿ ನೆಟ್ ನಂಬುವ ಹಾಗಿಲ್ಲ. ಅದಕ್ಕಿಂತ ಹೆಚ್ಚಾಗಿ, ಮನೆಯವರ ಮುಖ, ಮಕ್ಕಳು, ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣ ಹಚ್ಚಿಕೊಳ್ಳುತ್ತಿದ್ದ ಕಲಾವಿದರು, ಇದೆಲ್ಲ ನಮ್ಮವರು ನೋಡಲಿಕ್ಕೆ ಇರುವುದು, ಊರಿಗೆಲ್ಲ ಹಂಚಲಿಕ್ಕೆ ಅಲ್ಲ. ವಯಸ್ಸಾದವರಿಗೆ ಫೋನಿನ ಸ್ಕ್ರೀನಿನಲ್ಲಿ ರಾತ್ರಿಯಿಡೀ ನಡೆದ ಆಟ ನೋಡಿ ಅಂತ ಹೇಳುವುದೂ ಸರಿಯಲ್ಲ. ಟಿವಿಯೇ ಬೇಕು.

ತೊಂದರೆ ಏನೆಂದರೆ ಒಂದೊಂದು ಮನೆಯದು ಒಂದೊಂದು ಟಿವಿ. ಅಪ್ಪನ ಹತ್ತಿರ ಇರುವುದು ಹಳೇ ಎಲ್‌ಇಡಿ, ಅದರಲ್ಲಿ ಸ್ಮಾರ್ಟ್ ಏನೂ ಇಲ್ಲ, ಹಿಂದೆ ಒಂದು ಯುಎಸ್‌ಬಿ ಕಿಂಡಿ ಮಾತ್ರ. ಅತ್ತೆಯ ಮನೆಯಲ್ಲಿ ಆಂಡ್ರಾಯ್ಡ್ ಟಿವಿ. ಚಿಕ್ಕಪ್ಪನದು ಹೊಸ 4ಕೆ. ಕ್ಯಾಮೆರಾದಿಂದ ಬಂದ ಫೈಲನ್ನು ಹಾಗೇ ಕಾಪಿ ಮಾಡಿ ಕೊಟ್ಟರೆ ಒಂದರಲ್ಲಿ ಓಡುತ್ತದೆ, ಇನ್ನೊಂದರಲ್ಲಿ ಫೈಲೇ ಕಾಣುವುದಿಲ್ಲ, ಮತ್ತೊಂದರಲ್ಲಿ ಚಿತ್ರ ಬರುತ್ತದೆ, ಸದ್ದಿಲ್ಲ. ಅಮ್ಮ ಫೋನ್ ಮಾಡಿ, "ಕುಣಿಯುದು ಕಾಣ್ತದೆ, ಸ್ವರ ಬರುದಿಲ್ಲ ಮಗಾ" ಅಂದಾಗ ಅಲ್ಲಿಂದಲೇ ಕೆಲಸ ಶುರು ಮಾಡಿದೆ. ಹೊಸ ಡಬ್ಬ, ಹೊಸ ಸ್ಟಿಕ್ ಅಂತ ಪ್ರತಿ ಮನೆಗೂ ಖರ್ಚು ಮಾಡಿಸುವ ಬದಲು, ನಮ್ಮ ಬಳಗದಲ್ಲಿ ಎಲ್ಲಕ್ಕಿಂತ ಹಳೆಯ ಟಿವಿ ಯಾವುದೋ ಅದಕ್ಕೆ ಹೊಂದುವ ಹಾಗೆ ಫೈಲ್ ಮಾಡುವುದು ಅಂತ ತೀರ್ಮಾನಿಸಿದೆ. ಅದರಲ್ಲಿ ಓಡಿದ್ದು ಉಳಿದ ಎಲ್ಲದರಲ್ಲೂ ಓಡುತ್ತದೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಎಂಪಿ4, ಎಂಕೆವಿ, ಎವಿಐ ಅನ್ನುವುದು ಫೈಲಿನ ಹೊರಗಿನ ಕಟ್ಟು ಅಷ್ಟೆ. ಒಳಗೆ ಚಿತ್ರ ಒಂದು ಬಗೆಯಲ್ಲಿ, ಧ್ವನಿ ಇನ್ನೊಂದು ಬಗೆಯಲ್ಲಿ ಇರುತ್ತದೆ, ಅದನ್ನೇ ಕೊಡೆಕ್ ಅನ್ನುತ್ತಾರೆ. "ನಮ್ಮ ಟಿವಿ ಎಂಪಿ4 ಓಡಿಸುತ್ತದೆ, ಆದರೂ ಈ ಎಂಪಿ4 ಓಡುತ್ತಿಲ್ಲ" ಅಂತ ಜನ ಹೇಳುವುದು ಇದರಿಂದಲೇ. 2003ರಲ್ಲಿ ಬಂದ ಎಚ್.264 ಹಳೇ ಟಿವಿಗಳಿಗೂ ಗೊತ್ತು. 2013ರಲ್ಲಿ ಬಂದ ಎಚ್‌ಇವಿಸಿ, ಅಂದರೆ ಎಚ್.265, ಹಳೇ ಟಿವಿಯ ಚಿಪ್ಪಿಗೆ ಗೊತ್ತೇ ಇರುವುದಿಲ್ಲ. ಹೊರಗಿನ ಹೆಸರು ಎರಡಕ್ಕೂ ಎಂಪಿ4 ಅಂತಲೇ ಇರಬಹುದು. ಒಳಗೆ ಏನಿದೆ ಅಂತ ನೋಡಲು ಕಂಪ್ಯೂಟರಿನಲ್ಲಿ ವಿಎಲ್‌ಸಿ ಅನ್ನುವ ಪ್ಲೇಯರ್ ಸಾಕು. ವಿಡಿಯೋ ಓಡಿಸಿ, ಕಂಟ್ರೋಲ್ ಹಿಡಿದು ಜೆ ಒತ್ತಿದರೆ ಕೊಡೆಕ್ ವಿವರ ಬರುತ್ತದೆ. ಇನ್ನೂ ಪೂರ್ತಿ ಬೇಕಾದರೆ ಮೀಡಿಯಾಇನ್ಫೋ ಅಂತ ಉಚಿತ ಸಾಫ್ಟ್‌ವೇರ್ ಇದೆ. ನಾನು ಯಾವ ಫೈಲನ್ನೂ ಇದರಲ್ಲಿ ನೋಡದೆ ಮುಟ್ಟುವುದಿಲ್ಲ.

ಇನ್ನು ಪೆನ್‌ಡ್ರೈವ್. ಟಿವಿ ಪೆನ್‌ಡ್ರೈವನ್ನೇ ಗುರುತಿಸದಿದ್ದರೆ ಒಳಗಿನ ಫೈಲ್ ಬಗ್ಗೆ ತಲೆ ಕೆಡಿಸಿಕೊಂಡು ಪ್ರಯೋಜನ ಇಲ್ಲ, ಡ್ರೈವಿನ ಫಾರ್ಮ್ಯಾಟ್ ನೋಡಬೇಕು. ಫ್ಯಾಟ್32 ಎಲ್ಲ ಟಿವಿಗಳೂ ಓದುತ್ತವೆ ಅಂತ ಧೈರ್ಯವಾಗಿ ಹೇಳಬಹುದು, ಆದರೆ ಅದರಲ್ಲಿ ಒಂದು ಫೈಲ್ 4 ಜಿಬಿಗಿಂತ ದೊಡ್ಡದು ಇಡಲು ಆಗುವುದಿಲ್ಲ. ಡ್ರೈವಿನಲ್ಲಿ ಎಷ್ಟೇ ಜಾಗ ಇದ್ದರೂ ವಿಂಡೋಸ್ ಫೈಲ್ ತುಂಬಾ ದೊಡ್ಡದು ಅನ್ನುತ್ತದೆ. ಎಕ್ಸ್‌ಫ್ಯಾಟ್‌ನಲ್ಲಿ ಈ ಮಿತಿ ಇಲ್ಲ, ಆದರೆ ಹಳೇ ಟಿವಿಗಳು ಅದನ್ನು ಓದದೇ ಇರುವುದುಂಟು. ಹಾಗಾಗಿ ನಾನು 32 ಜಿಬಿ ಪೆನ್‌ಡ್ರೈವ್ ತೆಗೆದುಕೊಂಡು ಫ್ಯಾಟ್32 ಮಾಡಿ, ಪ್ರತಿ ಫೈಲೂ 4 ಜಿಬಿಯ ಒಳಗೆ ಬರುವ ಹಾಗೆ ನೋಡಿಕೊಂಡೆ. ಫಾರ್ಮ್ಯಾಟ್ ಮಾಡಿದರೆ ಡ್ರೈವಿನಲ್ಲಿದ್ದದ್ದು ಎಲ್ಲ ಹೋಗುತ್ತದೆ, ಇದು ಗೊತ್ತಿರಲಿ.

ಅಪ್ಪನ ಟಿವಿಗೆ ಮೊದಲು ಪೋರ್ಟಬಲ್ ಹಾರ್ಡ್‌ಡಿಸ್ಕ್ ಹಾಕಿ ನೋಡಿದ್ದೂ ಉಂಟು. ಟಿಕ್ ಟಿಕ್ ಅಂತ ಸದ್ದು ಮಾಡಿ ನಿಂತಿತು. ಯುಎಸ್‌ಬಿ 2.0 ಕಿಂಡಿ ಲೆಕ್ಕಕ್ಕೆ ಕೊಡುವುದು 500 ಮಿಲಿಆಂಪ್ ಕರೆಂಟು, ಸುತ್ತುವ ಡಿಸ್ಕಿಗೆ ಶುರುವಾಗುವಾಗ ಅದು ಸಾಲದೇ ಹೋಗುತ್ತದೆ. ಪೆನ್‌ಡ್ರೈವ್‌ಗೆ ಆ ಸಮಸ್ಯೆ ಇಲ್ಲ. ವೇಗದ ಬಗ್ಗೆಯೂ ಚಿಂತೆ ಬೇಡ. ಈ ವಿಡಿಯೋಗಳಿಗೆ ಸೆಕೆಂಡಿಗೆ 20 ಮೆಗಾಬಿಟ್ ಸಿಕ್ಕಿದರೆ ಜಾಸ್ತಿಯೇ ಆಯಿತು, ಯುಎಸ್‌ಬಿ 2.0 ಧಾರಾಳ. ದುಬಾರಿ ಡ್ರೈವ್‌ನಿಂದ ಲಾಭ ಇರುವುದು ಕಂಪ್ಯೂಟರಿನಿಂದ ಕಾಪಿ ಮಾಡುವಾಗ ಮಾತ್ರ.

ಈಗ ಆಟದ ವಿಡಿಯೋ. ಇದೇ ದೊಡ್ಡ ಕೆಲಸ. ನಮ್ಮದು ಎವಿಸಿಎಚ್‌ಡಿ ಬಗೆಯ ಹ್ಯಾಂಡಿಕ್ಯಾಮ್. ಅದು ಸೆಕೆಂಡಿಗೆ 17 ಮೆಗಾಬಿಟ್ಟಿನಂತೆ ರೆಕಾರ್ಡ್ ಮಾಡಿದರೆ ಅರ್ಧ ಗಂಟೆಗೆ ಸುಮಾರು 4 ಜಿಬಿ ಆಗುತ್ತದೆ, ಕಾರ್ಡು ಫ್ಯಾಟ್32 ಆಗಿರುವುದರಿಂದ ಕ್ಯಾಮೆರಾ ಅಲ್ಲಿಗೆ ಫೈಲ್ ಕತ್ತರಿಸಿ ಹೊಸದು ಶುರು ಮಾಡುತ್ತದೆ. ಭಾಗವತರು ಪದ (ಹಾಡು) ಎತ್ತಿದ್ದಾರೋ, ವೇಷ ರಂಗಸ್ಥಳಕ್ಕೆ ಬರುತ್ತಿದೆಯೋ ಅದಕ್ಕೆ ಗೊತ್ತಿಲ್ಲ. ತುಂಡು ತುಂಡಾಗಿಯೇ ಟಿವಿಯಲ್ಲಿ ಹಾಕಿದರೆ ಪದದ ನಡುವೆ ನಿಂತು, ಕಪ್ಪು ಪರದೆ ಬಂದು, ಮತ್ತೆ ಮುಂದಿನದು ಶುರುವಾಗುತ್ತದೆ. ವೇಗವಾಗಿ ಹಾಡುವ ಏರುಪದದಲ್ಲಿ ಹಾಗಾದರೆ ನೋಡುವವರಿಗೆ ತಡೆಯಲಿಕ್ಕಾಗುವುದಿಲ್ಲ.

ಕ್ಯಾಮೆರಾ ಕೊಡುವ ಈ ಎಂಟಿಎಸ್ ಬಗೆಯ ಫೈಲುಗಳನ್ನು ಜೋಡಿಸುವುದು ಸುಲಭ. ಕ್ಯಾಮೆರಾ ತಾನಾಗಿ ಕತ್ತರಿಸಿದ ತುಂಡುಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಹಾಗೇ ಅಂಟಿಸಿದರೆ ಸಾಕು, ಒಂದು ಕ್ಷಣವೂ ತಪ್ಪುವುದಿಲ್ಲ. ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕಾಪಿ ಅಂತ ಬರೆದು, ಸ್ಲ್ಯಾಶ್ ಬಿ ಹಾಕಿ, ಫೈಲ್ ಹೆಸರುಗಳನ್ನು ವರಸೆಯಲ್ಲಿ ಪ್ಲಸ್ ಚಿಹ್ನೆ ಕೊಟ್ಟು ಬರೆದು, ಕೊನೆಗೆ ಹೊಸ ಹೆಸರು ಕೊಟ್ಟರೆ ಆಯಿತು. ಫೋನಿನ ಎಂಪಿ4 ಫೈಲುಗಳಿಗೆ ಮಾತ್ರ ಹೀಗೆ ಮಾಡಬೇಡಿ, ಅವುಗಳ ರಚನೆ ಬೇರೆ, ಮೊದಲ ತುಂಡು ಮಾತ್ರ ಓಡುತ್ತದೆ.

ಆಮೇಲೆ ಹ್ಯಾಂಡ್‌ಬ್ರೇಕ್, ವಿಡಿಯೋವನ್ನು ಒಂದು ಬಗೆಯಿಂದ ಇನ್ನೊಂದಕ್ಕೆ ಪರಿವರ್ತಿಸುವ ಸಾಫ್ಟ್‌ವೇರ್. ಉಚಿತ, ಜಾಹೀರಾತು ಇಲ್ಲ, ಎಲ್ಲ ಕಂಪ್ಯೂಟರಿಗೂ ಸಿಗುತ್ತದೆ. ಇದರಲ್ಲಿ ನಾನು ಇಟ್ಟುಕೊಂಡದ್ದು: ಕಟ್ಟು ಎಂಪಿ4, ಚಿತ್ರ ಎಚ್.264, ಪ್ರೊಫೈಲ್ ಹೈ, ಲೆವೆಲ್ 4.0 (ಟಿವಿಯ ಚಿಪ್ಪಿನ ಮೇಲೆ ಎಷ್ಟು ಭಾರ ಬೀಳುತ್ತದೆ ಅನ್ನುವ ಮಿತಿಗಳು), ಗುಣಮಟ್ಟದ ಆರ್‌ಎಫ್ 21, ಧ್ವನಿ ಎಎಸಿ ಸ್ಟೀರಿಯೋ, ಸೆಕೆಂಡಿಗೆ 192 ಕಿಲೋಬಿಟ್. ಪಟ್ಟಿಯಲ್ಲಿ ಎಚ್.264 10 ಬಿಟ್ ಅಂತಲೂ ಒಂದು ಇರುತ್ತದೆ, ಅದನ್ನು ಆರಿಸಬೇಡಿ, ಟಿವಿಗಳ ಚಿಪ್ಪು ಸಾಮಾನ್ಯವಾಗಿ ಅದನ್ನು ಬಿಡಿಸುವುದಿಲ್ಲ. ಧ್ವನಿಗೆ 128 ಸಾಕು ಅಂತ ಎಲ್ಲ ಕಡೆ ಬರೆದಿರುತ್ತಾರೆ, ಮಾತಿಗೆ ಸಾಕು. ಚೆಂಡೆಗೆ ಸಾಲದು. ಚೆಂಡೆಯ ವೇಗದ ಉರುಳಿಕೆ ಬರುವಾಗ ಪೆಟ್ಟುಗಳು ಒಂದಕ್ಕೊಂದು ಮೆತ್ತಿಕೊಂಡ ಹಾಗೆ ಕೇಳುತ್ತದೆ. 192ರಲ್ಲಿ ಬಿಡಿ ಬಿಡಿಯಾಗಿ ಕೇಳಿತು.

ಇಲ್ಲಿ ಒಂದು ಸೆಟ್ಟಿಂಗ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹಳೇ ಹ್ಯಾಂಡಿಕ್ಯಾಮ್ ಇರುವ ಎಲ್ಲರಿಗೂ ಇದು ಬರುತ್ತದೆ. ನಮ್ಮ ಕ್ಯಾಮೆರಾ ತೆಗೆಯುವುದು 1080ಐ. ಕೊನೆಯ ಆ ಐ ಅಂದರೆ ಇಂಟರ್‌ಲೇಸ್, ಒಂದು ಕ್ಷಣದಲ್ಲಿ ಒಂದನ್ನು ಬಿಟ್ಟು ಒಂದು ಗೆರೆ, ಮುಂದಿನ ಕ್ಷಣದಲ್ಲಿ ಉಳಿದ ಗೆರೆಗಳು. ಎರಡನ್ನೂ ಸೇರಿಸಿ ಒಂದೇ ಫ್ರೇಮಾಗಿ ತೋರಿಸಿದರೆ, ಕೂತು ಅರ್ಥ (ಮಾತು) ಹೇಳುವಾಗ ಏನೂ ಗೊತ್ತಾಗುವುದಿಲ್ಲ. ಪುಂಡುವೇಷ (ತರುಣ ವೀರನ ಪಾತ್ರ) ಧಿಗಿಣ (ಸುತ್ತುತ್ತಾ ಹಾರುವ ಕುಣಿತ) ಹೊಡೆಯಲು ಶುರು ಮಾಡಿದ ಕೂಡಲೇ ಕೈ, ಕಾಲು, ಕಿರೀಟದ ಅಂಚು ಎಲ್ಲ ಬಾಚಣಿಗೆ ಹಲ್ಲಿನ ಹಾಗೆ ಸೀಳಿ ಕಾಣುತ್ತದೆ. ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ ವಿಭಾಗದಲ್ಲಿ ಡಿಇಂಟರ್‌ಲೇಸ್ ಇದೆ, ಅದರಲ್ಲಿ ಡಿಕೋಂಬ್ ಆರಿಸಿ. ಅಲ್ಲಿಯೇ ಬಾಬ್ ಅಂತ ಇನ್ನೊಂದು ಆಯ್ಕೆ ಇದೆ, ಅದು ಎರಡು ಕ್ಷಣಗಳನ್ನೂ ಬೇರೆ ಬೇರೆ ಫ್ರೇಮ್ ಮಾಡಿ ಸೆಕೆಂಡಿಗೆ 50 ಫ್ರೇಮ್ ಕೊಡುತ್ತದೆ. ಕುಣಿತ ಅದರಲ್ಲಿ ಎಷ್ಟು ಚೆಂದ ಕಾಣುತ್ತದೆ ಅಂದರೆ, ಹೆಜ್ಜೆಗೂ ಗೆಜ್ಜೆಗೂ ಇರುವ ಹೊಂದಾಣಿಕೆ ರಂಗಸ್ಥಳದ ಎದುರು ಕೂತ ಹಾಗೆಯೇ ಸಿಗುತ್ತದೆ. ಆದರೆ 1080ರಲ್ಲಿ 50 ಫ್ರೇಮ್ ಅಂದರೆ ಲೆವೆಲ್ 4.2 ಬೇಕು, ಅಪ್ಪನ ಟಿವಿ ಅದನ್ನು ತೆಗೆದುಕೊಳ್ಳಲಿಲ್ಲ, ಚಿತ್ರ ತಡವರಿಸಿತು. ಹಾಗಾಗಿ ಎಲ್ಲರಿಗೂ 25 ಫ್ರೇಮಿನದು, ಚಿಕ್ಕಪ್ಪನಿಗೆ ಮಾತ್ರ 50 ಫ್ರೇಮಿನದು ಬೇರೆ ಮಾಡಿ ಕೊಟ್ಟೆ. ಎಲ್ಲರಿಗೂ ಒಂದೇ ಅನ್ನುವ ನನ್ನ ನಿಯಮ ಇಲ್ಲಿ ಮುರಿದರೂ ಪರವಾಗಿಲ್ಲ, ಕುಣಿತ ಅಷ್ಟಕ್ಕೆ ಯೋಗ್ಯ.

ಆಟ ಪೂರ್ತಿ ಒಂದೇ ಫೈಲ್ ಮಾಡಲಿಲ್ಲ. 4 ಜಿಬಿ ಒಂದು ಕಾರಣ. ಇನ್ನೊಂದು ಕರೆಂಟು. ನಡುವೆ ಕರೆಂಟು ಹೋದರೆ ಸಾದಾ ಟಿವಿಗೆ ಎಲ್ಲಿಯವರೆಗೆ ನೋಡಿದ್ದು ಅಂತ ನೆನಪಿರುವುದಿಲ್ಲ, ಎಂಟು ಗಂಟೆಯ ಫೈಲಿನಲ್ಲಿ ರಿಮೋಟ್ ಒತ್ತಿ ಓಡಿಸಿಕೊಂಡು ಬರುವುದು ಅಪ್ಪನಿಂದ ಆಗುವ ಕೆಲಸ ಅಲ್ಲ. ಕತೆ ಒಂದು ನಿಲುಗಡೆಗೆ ಬರುವಲ್ಲಿ, ಒಂದು ವೇಷದ ಪ್ರವೇಶಕ್ಕೆ ಸರಿಯಾಗಿ, ಸುಮಾರು ಒಂದೊಂದು ಗಂಟೆಗೆ ಕತ್ತರಿಸಿದೆ. ಪರಿವರ್ತನೆ ಆದ ಮೇಲೆ ಗಂಟೆಗೆ ಸುಮಾರು 3 ಜಿಬಿ ಬಂತು, 32ರಲ್ಲಿ ಎಲ್ಲವೂ ಹಿಡಿಸಿತು. ಸಾಧಾರಣ ಲ್ಯಾಪ್‌ಟಾಪ್ ಆದರೆ ಇದಕ್ಕೆ ತುಂಬಾ ಹೊತ್ತು ಹಿಡಿಯುತ್ತದೆ, ಕ್ಯೂನಲ್ಲಿ ಹಾಕಿ ಬಿಟ್ಟುಬಿಡಿ, ಹಾಸಿಗೆ ಮೇಲೆ ಇಡಬೇಡಿ, ಬಿಸಿಯಾಗುತ್ತದೆ.

ಮದುವೆ ಡಿವಿಡಿ ಹೆಚ್ಚು ಕಾಡಲಿಲ್ಲ. ಡಿವಿಡಿಯಲ್ಲಿ ಫೈಲುಗಳು ವಿಒಬಿ ಅಂತ ಒಂದೊಂದು ಜಿಬಿಯ ತುಂಡುಗಳಾಗಿ ಇರುತ್ತವೆ, ಹ್ಯಾಂಡ್‌ಬ್ರೇಕ್‌ಗೆ ಇಡೀ ಡಿಸ್ಕ್ ತೋರಿಸಿದರೆ ಅದೇ ಜೋಡಿಸಿಕೊಳ್ಳುತ್ತದೆ. ನಮ್ಮ ದೇಶದ ಡಿವಿಡಿಗಳು ಪಾಲ್ ಪದ್ಧತಿಯವು, 576 ಗೆರೆ, 25 ಫ್ರೇಮ್. ಫಾಸ್ಟ್ 576ಪಿ25 ಅನ್ನುವ ಸಿದ್ಧ ಆಯ್ಕೆ ಹಾಕಿದರೆ ಸಾಕು. 1080ಕ್ಕೆ ಹಿಗ್ಗಿಸಬೇಡಿ, ಇಲ್ಲದ ವಿವರ ಎಲ್ಲಿಂದಲೂ ಬರುವುದಿಲ್ಲ, ಫೈಲ್ ಸುಮ್ನೆ ದಪ್ಪ ಆಗುತ್ತದೆ.

ಫೋನಿನ ಕ್ಲಿಪ್‌ಗಳಲ್ಲಿ ಮೂರು ಬಗೆ ಕಾಟ. ಐಫೋನಿನವರದು ಎಚ್‌ಇವಿಸಿ. ನಿಲ್ಲಿಸಿ ಹಿಡಿದು ತೆಗೆದದ್ದು ಕೆಲವು ಟಿವಿಗಳಲ್ಲಿ ಅಡ್ಡ ಮಲಗುತ್ತದೆ, ಯಾಕೆಂದರೆ ತಿರುಗಿಸು ಅಂತ ಫೋನ್ ಬರೆದಿಟ್ಟ ಗುರುತನ್ನು ಟಿವಿ ಓದುವುದಿಲ್ಲ. ಇನ್ನು ಫ್ರೇಮ್ ವೇಗ ಹೆಚ್ಚು ಕಮ್ಮಿ ಆಗುತ್ತಾ ಇರುವುದರಿಂದ ಕೆಲವು ಪ್ಲೇಯರ್‌ಗಳಲ್ಲಿ ಬಾಯಿಗೂ ಮಾತಿಗೂ ತಪ್ಪುತ್ತದೆ. ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್‌ಸ್ಟೆಂಟ್ ಫ್ರೇಮ್‌ರೇಟ್ ಕೊಟ್ಟು ಎಚ್.264 ಮಾಡಿದರೆ ಮೂರೂ ಸರಿಹೋಗುತ್ತದೆ. ಮುಂದೆ ತೆಗೆಯುವವರಿಗೆ, ಐಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಫಾರ್ಮ್ಯಾಟ್ಸ್‌ಗೆ ಹೋಗಿ ಮೋಸ್ಟ್ ಕಂಪ್ಯಾಟಿಬಲ್ ಇಡಲು ಹೇಳಿದ್ದೇನೆ. ಮತ್ತೆ ವಾಟ್ಸಾಪಿನಲ್ಲಿ ವಿಡಿಯೋ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಫೋನಿನಲ್ಲಿ ಚೆನ್ನಾಗಿ ಕಂಡದ್ದು ಟಿವಿಯಲ್ಲಿ ಮಸುಕು ಮಸುಕು. ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಎಲ್ಲರಿಗೂ ಕೇಳಿಕೊಂಡೆ.

ಚಿತ್ರ ಸರಿ ಇದ್ದು ಸದ್ದು ಮಾತ್ರ ಇಲ್ಲದಿದ್ದರೆ ಪೂರ್ತಿ ಮತ್ತೆ ಪರಿವರ್ತಿಸಬೇಕಾಗಿಲ್ಲ. ಡಿಟಿಎಸ್ ಧ್ವನಿಗೆ ಹೊಸ ಟಿವಿಗಳಲ್ಲೂ ಬೆಂಬಲ ಇಲ್ಲದಿರುವುದುಂಟು, ಡಾಲ್ಬಿಯ ಎಸಿ3 ಕೆಲವು ಅಗ್ಗದ ಟಿವಿಗಳಲ್ಲಿ ಬರುವುದಿಲ್ಲ. ಅಮ್ಮನಿಗೆ ಆದದ್ದು ಅದೇ, ನಮ್ಮ ಕ್ಯಾಮೆರಾ ಎಸಿ3ಯಲ್ಲಿ ರೆಕಾರ್ಡ್ ಮಾಡುತ್ತದೆ. ಎಫ್‌ಎಫ್‌ಎಂಪೆಗ್ ಅನ್ನುವ ಸಾಫ್ಟ್‌ವೇರ್ ಬಳಸಿ ಚಿತ್ರವನ್ನು ಹಾಗೇ ಕಾಪಿ ಮಾಡಿ ಧ್ವನಿಯನ್ನು ಮಾತ್ರ ಎಎಸಿ ಮಾಡಬಹುದು, ಗಂಟೆಯ ವಿಡಿಯೋಗೂ ಕೆಲವೇ ನಿಮಿಷ.

ಹೆಸರು ಇಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಇಟ್ಟೆ. ಕನ್ನಡದಲ್ಲಿ ಇಡಬೇಕು ಅಂತ ನನಗೆ ಆಸೆಯೇ, ಆದರೆ ಕೆಲವು ಟಿವಿಗಳಲ್ಲಿ ಕನ್ನಡದ ಫಾಂಟ್ ಇಲ್ಲದೆ ಚೌಕ ಚೌಕ ಕಾಣುತ್ತದೆ, ಯಾವುದು ಯಾವುದೆಂದು ತಿಳಿಯುವುದಿಲ್ಲ. ಮುಂದೆ 01, 02 ಅಂತ ಸಂಖ್ಯೆ ಹಾಕಿ. ಬರೀ 1, 2 ಅಂತ ಹಾಕಿದರೆ ಒಂದರ ನಂತರ ಹತ್ತು ಬಂದು ಕೂರುತ್ತದೆ. ಕಾಪಿ ಮುಗಿದ ಮೇಲೆ ಇಜೆಕ್ಟ್ ಕೊಟ್ಟೇ ಡ್ರೈವ್ ತೆಗೆಯಿರಿ.

ಅತ್ತೆಯ ಮನೆಯಿಂದ ಬಂದ ಫೋನ್ ಬೇರೆಯದು. "ಇದು ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತದೆ ಮಾರಾಯ, ಓಕೆ ಕೊಡ್ಲಾ?" "ಬೇಡ ಅತ್ತೆ, ಬ್ಯಾಕ್ ಒತ್ತಿ ಹೊರಗೆ ಬನ್ನಿ" ಅಂದೆ. ಆಂಡ್ರಾಯ್ಡ್ ಟಿವಿಗೆ ಹೊಸ ಡ್ರೈವ್ ಹಾಕಿದಾಗ ಅದನ್ನು ಟಿವಿಯ ಸ್ಟೋರೇಜ್ ಮಾಡಿಕೊಳ್ಳಲೇ ಅಂತ ಕೇಳುವುದಿದೆ. ಕೆಲವು ಬೇರೆ ಟಿವಿಗಳು ಕಾರ್ಯಕ್ರಮ ರೆಕಾರ್ಡ್ ಮಾಡಲು ಹೀಗೇ ಕೇಳುತ್ತವೆ. ಒಪ್ಪಿದರೆ ಎಲ್ಲ ಅಳಿಸಿ ಹೋಗುತ್ತದೆ. ಪೆನ್‌ಡ್ರೈವ್ ಕೊಡುವಾಗಲೇ ಇದನ್ನು ಬಾಯಿಬಿಟ್ಟು ಹೇಳಿ. ಅದೇ ಟಿವಿಗೆ ಪ್ಲೇಸ್ಟೋರಿನಿಂದ ವಿಎಲ್‌ಸಿ ಹಾಕಿಕೊಟ್ಟೆ, ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ಮುಂದುವರಿಯುತ್ತದೆ.

ಮೂಲ ಫೈಲುಗಳನ್ನು ನಾನು ಅಳಿಸಿಲ್ಲ. ಕ್ಯಾಮೆರಾದ ಫೋಲ್ಡರ್ ಇದ್ದ ಹಾಗೇ ಎರಡು ಹಾರ್ಡ್‌ಡಿಸ್ಕಿನಲ್ಲಿ, ಎರಡು ಬೇರೆ ಮನೆಯಲ್ಲಿ ಇದೆ. ಪೆನ್‌ಡ್ರೈವ್ ನೋಡಲಿಕ್ಕೆ ಮಾತ್ರ, ಜೋಪಾನವಾಗಿ ಇಟ್ಟುಕೊಳ್ಳಲು ಅದನ್ನು ನಂಬಬೇಡಿ. ಡಿವಿಡಿಗಳಿಗೆ ನಮ್ಮ ಕರಾವಳಿಯ ತೇವ ಆಗಿಬರುವುದಿಲ್ಲ, ಮನೆಯಲ್ಲಿ ಮದುವೆಯದೋ ಉಪನಯನದ್ದೋ ಡಿಸ್ಕ್ ಇದ್ದರೆ ಈ ಮಳೆಗಾಲಕ್ಕೆ ಮೊದಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ.