ಲಕ್ಕುಂಡಿ, ಡಂಬಳಕ್ಕೆ ಸೈಕಲ್ಲೇ ಸರಿ

ಗದಗ ಹತ್ತಿರದ ಲಕ್ಕುಂಡಿಗೆ ಕಾರಿನಲ್ಲಿ ಬರುವ ಬಹಳ ಜನ ಎರಡು ಗುಡಿ ನೋಡಿ ಹೊರಟುಬಿಡುತ್ತಾರೆ. ಕಾಶಿವಿಶ್ವೇಶ್ವರ ಒಂದು, ಬ್ರಹ್ಮ ಜಿನಾಲಯ ಇನ್ನೊಂದು. ಉಳಿದವು ಊರ ತುಂಬ ಚೆದುರಿಕೊಂಡಿವೆ. ಕೆಲವು ಮನೆಗಳ ನಡುವೆಯೇ ಇವೆ. ನೂರೊಂದು ಗುಡಿ, ನೂರೊಂದು ಬಾವಿ ಅಂತ ನಮ್ಮ ಕಡೆ ಹೇಳುವ ಊರು ಅದು. ಬಿಸಿಲಲ್ಲಿ ಅಷ್ಟೂ ಓಣಿ ನಡೆಯೋದು ಕಷ್ಟ. ಅದಕ್ಕೇ ನಾನು ಗದಗಕ್ಕೆ ಹತ್ತಿಕೊಂಡ ಬೆಟಗೇರಿಯಿಂದ ಸೈಕಲ್ ತಗೊಂಡೇ ಹೋಗುತ್ತೇನೆ.

ಗದಗದಿಂದ ಹೊಸಪೇಟೆ ರಸ್ತೆ ಹಿಡಿದರೆ ಸುಮಾರು 12 ಕಿ.ಮೀ. ಲಾರಿ ಜಾಸ್ತಿ ಓಡಾಡುವ ರಸ್ತೆ. ಬೆಳಕು ಹರಿಯುತ್ತಿದ್ದಂತೆ ಹೊರಟರೆ ಆರಾಮ. ದಾರಿಗಿಂತ ಗಾಳಿಯ ಲೆಕ್ಕ ಮುಖ್ಯ. ನಮ್ಮ ಸೀಮೆಯಲ್ಲಿ ಗಾಳಿ ಕಂಬಗಳನ್ನು ಸುಮ್ನೆ ನೆಟ್ಟಿಲ್ಲ, ಅಲ್ವಾ? ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಹೋಗುವಾಗ ಬೆನ್ನಿಗೆ, ಬರುವಾಗ ಎದೆಗೆ. ಹಾಗಾಗಿ ಕಾಲಿನ ಕಸುವು ವಾಪಸ್ ಬರೋಕೆ ಉಳಿದಿರಬೇಕು. ಮಳೆ ಬಿದ್ದ ಮೇಲೆ ಹೊಲದ ದಾರಿಗೆ ಇಳಿಯಲೇಬೇಡಿ. ನಮ್ಮ ಕಪ್ಪು ಜಿಗುಟು ಎರಿ ಮಣ್ಣು ಮಡ್‌ಗಾರ್ಡ್ ಸಂದಿಯಲ್ಲಿ ಮೆತ್ತಿಕೊಂಡರೆ ಗಾಲಿ ತಿರುಗೋದೇ ಇಲ್ಲ, ಕಡ್ಡಿ ಹಾಕಿ ಕೆರೆಯಬೇಕಾಗುತ್ತದೆ. ದೀಪಾವಳಿಯಿಂದ ಸಂಕ್ರಾಂತಿವರೆಗೆ ಒಳ್ಳೆ ಕಾಲ.

ಕಾಶಿವಿಶ್ವೇಶ್ವರ ಗುಡಿಗೆ ಬೆಳಿಗ್ಗೆಯೇ ಹೋಗಬೇಕು. ಓರೆ ಬಿಸಿಲು ಬಿದ್ದಾಗ ಬಾಗಿಲವಾಡದ ಕೆತ್ತನೆ ಎದ್ದು ಕಾಣುತ್ತದೆ. ಪಟ್ಟಿಯ ಪಕ್ಕ ಪಟ್ಟಿ, ಬಳ್ಳಿಯೊಳಗೆ ಸಣ್ಣ ಸಣ್ಣ ಆಕೃತಿಗಳು. ಬಾದಾಮಿ, ಐಹೊಳೆಯಲ್ಲಿ ಇರೋದು ಮರಳುಗಲ್ಲು. ಇಲ್ಲಿ ಬಳಪದ ಕಲ್ಲು. ಮೆತ್ತಗಿನ ಕಲ್ಲು ಸಿಕ್ಕಿದ್ದರಿಂದಲೇ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಇಷ್ಟು ನಾಜೂಕಾಗಿ ಕೆತ್ತಿದರು. ತಿರುಗಣಿಯಲ್ಲಿ ಕಡೆದ ಕಂಬಗಳ ಅಂಚು ಇವತ್ತಿಗೂ ಎಷ್ಟು ಚೂಪಾಗಿವೆ ನೋಡಿ. ಎದುರಿಗೇ ಪಡುವಣಕ್ಕೆ ಮುಖ ಮಾಡಿದ ಸೂರ್ಯನ ಗುಡಿ ಇದೆ.

ಬ್ರಹ್ಮ ಜಿನಾಲಯದ ಮುಂದೆ ನಾನು ಪ್ರತಿ ಸಲ ಜಾಸ್ತಿ ಹೊತ್ತು ಕೂರುತ್ತೇನೆ. ಅತ್ತಿಮಬ್ಬೆ ಇದನ್ನು ಕಟ್ಟಿಸಿದ್ದು 1007ರಲ್ಲಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ತಾಯಿ ಅವಳು. ಒಂದೊಂದು ಪ್ರತಿಯನ್ನೂ ಕೈಯಿಂದಲೇ ಬರೆಸಬೇಕಿದ್ದ ಕಾಲದಲ್ಲಿ ಸಾವಿರ! ಕನ್ನಡ ಓದುವ ನಾವೆಲ್ಲ ಒಮ್ಮೆಯಾದರೂ ಇಲ್ಲಿಗೆ ಬರಬೇಕು ಅನ್ನೋದು ನನ್ನ ಮನಸ್ಸು.

ಮುಸುಕಿನ ಬಾವಿ ನನಗೆ ಸಿಕ್ಕಿದ್ದು ಸೈಕಲ್ ಇದ್ದದ್ದಕ್ಕೇ. ಮೊದಲ ಸಲ ಹೋದಾಗ ಓಣಿಯ ತಿರುವಿನಲ್ಲಿ ನಿಂತಿದ್ದೆ. ಕಟ್ಟೆ ಮೇಲೆ ಕೂತಿದ್ದ ಅಜ್ಜ ಕರೆದರು.

"ತಮ್ಮಾ, ಬಾವಿ ನೋಡಿಯೇನು?"

"ಇಲ್ರೀ ಅಜ್ಜಾರ, ಎಲ್ಲೈತ್ರೀ?"

"ಹಿಂಗ ಸೀದಾ ಹೋಗು. ಸೈಕಲ್ ಬೇಕಾದ್ರ ಇಲ್ಲೇ ನಿಂದ್ರಸು, ನಾ ನೋಡ್ಕೊಂತೀನಿ."

ಮಣಿಕೇಶ್ವರ ಗುಡಿಗೆ ಹತ್ತಿಕೊಂಡೇ ಇದೆ ಆ ಬಾವಿ. ಮೂರು ಕಡೆಯಿಂದ ಮೆಟ್ಟಿಲು ಇಳಿಯುತ್ತವೆ. ಮೆಟ್ಟಿಲ ನಡುವೆ ಗೂಡಿನಂಥ ಪುಟ್ಟ ಪುಟ್ಟ ಗುಡಿಗಳು. ನೀರಿಗೆ ಇಳಿಯುವ ಜಾಗಕ್ಕೂ ಗುಡಿಯಷ್ಟೇ ಶ್ರದ್ಧೆ ಇಟ್ಟು ಕೆಲಸ ಮಾಡಿದ್ದಾರೆ. ಹೊಯ್ಸಳರ ಇಮ್ಮಡಿ ಬಲ್ಲಾಳ ಇದೇ ಊರಲ್ಲಿ ನೆಲೆ ಮಾಡಿದ್ದ, ಇಲ್ಲಿ ನಾಣ್ಯ ಅಚ್ಚು ಹಾಕುವ ಟಂಕಸಾಲೆಯೂ ಇತ್ತು. ಬಾವಿಯ ಈ ಕೆಲಸ ನೋಡಿದರೆ ಊರ ಆಗಿನ ಸಿರಿ ಎಂಥದ್ದು ಅಂತ ಗೊತ್ತಾಗುತ್ತದೆ.

ಡಂಬಳಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಗದಗದಿಂದ ಮುಂಡರಗಿ ರಸ್ತೆಯಲ್ಲಿ ಸುಮಾರು 20 ಕಿ.ಮೀ. ದೊಡ್ಡಬಸಪ್ಪನ ಗುಡಿಯ ಗರ್ಭಗುಡಿ 24 ಮೂಲೆಯ ನಕ್ಷತ್ರ. ಸುತ್ತು ಹಾಕುತ್ತ ಎಣಿಸಿ ನೋಡಿ. ಸಪಾಟು ಗೋಡೆ ಅನ್ನೋದು ಎಲ್ಲೂ ಸಿಗೋದಿಲ್ಲ. ಮೂಲೆ, ಸಂದಿ, ಮತ್ತೆ ಮೂಲೆ. ಅದೇ ಆಕಾರ ಶಿಖರದವರೆಗೂ ಏರಿದೆ. ಬಿಸಿಲು ಸರಿದಂತೆ ನೆರಳಿನ ಗೀರುಗಳೂ ಸರಿಯುತ್ತವೆ. ಈ ಊರಲ್ಲಿ 1095ರ ಶಾಸನವೊಂದಿದೆ. ಅದರಲ್ಲಿ ಬೌದ್ಧ ತಾರಾದೇವಿಯ ಗುಡಿಯ ಮಾತು ಬರುತ್ತದೆ. ಅಷ್ಟು ತಡವಾಗಿಯೂ ಇಲ್ಲಿ ಬೌದ್ಧರಿದ್ದರು ಅನ್ನೋದು ನಮ್ಮೂರಿನವರಿಗೇ ಗೊತ್ತಿಲ್ಲ.

ನೀರು ಮನೆಯಿಂದಲೇ ಒಯ್ಯಿರಿ. ಪಂಕ್ಚರ್ ಸಾಮಾನು, ಪಂಪು ಚೀಲದಲ್ಲಿರಲಿ. ಹೊಟ್ಟೆಗೆ ಗಿರ್ಮಿಟ್, ಮಿರ್ಚಿ ಎಲ್ಲಾದರೂ ಸಿಕ್ಕೇ ಸಿಗುತ್ತದೆ.

ನನಗೆ ಈಗ ಉಳಿದಿರೋದು ಇಟಗಿಯ ಮಹಾದೇವ ಗುಡಿ, 1112ರದ್ದು. ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಅಂತ ಕರೆದಿದೆ. ದೂರ ಜಾಸ್ತಿ, ಒಂದೇ ದಿನದಲ್ಲಿ ಹೋಗಿಬಂದರೆ ನೋಡೋಕೆ ಹೊತ್ತು ಸಾಲದು. ಕುಕನೂರಿನಲ್ಲಿ ರಾತ್ರಿ ಉಳಿದು, ನವಲಿಂಗ ಗುಡಿಯನ್ನೂ ನೋಡಿಕೊಂಡು ಬರುವ ವಿಚಾರ ಇದೆ. ಜೊತೆಗೆ ಬರುವವರಿದ್ದರೆ ಬನ್ನಿ.