ತೂಬಿಗಿಂತ ಮೊದಲು ರಾಜಕಾಲುವೆ

ನಮ್ಮದು ನೀರಗಂಟಿ ಮನೆ. ಕೋಲಾರದ ಕಡೆ ವಯಸ್ಸಾದವರಿಗೆ ಇಷ್ಟು ಹೇಳಿದರೆ ಸಾಕು. ಕೆರೆಯ ತೂಬು, ಅಂದರೆ ಗದ್ದೆಗೆ ನೀರು ಬಿಡುವ ಕಂಡಿಯ ಮುಚ್ಚಳ, ಎತ್ತುವುದು, ಯಾರ ಗದ್ದೆಗೆ ಯಾವಾಗ ನೀರು ಅಂತ ತೀರ್ಮಾನಿಸುವುದು, ಏರಿ (ಕೆರೆ ಕಟ್ಟೆ) ಮೇಲೆ ಓಡಾಡಿ ಏಡಿ ಬಿಲ, ಇಲಿ ಬಿಲ ಹುಡುಕಿ ಮುಚ್ಚುವುದು ಎಲ್ಲಾ ತಾತನ ಕೆಲಸ. ಸಂಬಳ ಇರಲಿಲ್ಲ, ಸುಗ್ಗಿಯಲ್ಲಿ ಕಣದಿಂದ ಆಯ, ಅಂದರೆ ದವಸದ ಪಾಲು, ಬರುತ್ತಿತ್ತು. ಮನೆಯೊಳಗೆ ಬಿಟ್ಟುಕೊಳ್ಳದವರೂ ನೀರಿನ ವಿಷಯಕ್ಕೆ ತಾತನ ಮಾತು ಮೀರುತ್ತಿರಲಿಲ್ಲ. ಇದು ನನಗೆ ಇವತ್ತಿಗೂ ಅರಗಿಲ್ಲ.

ಬೋರ್‌ವೆಲ್ ಬಂದ ಮೇಲೆ ಆಯ ನಿಂತಿತು. ಬೋರು ಸಾವಿರ ಅಡಿ ದಾಟಿತು, ನೀರಲ್ಲಿ ಫ್ಲೋರೈಡ್ ಬಂತು. ಆ ಕಥೆ ಎಲ್ಲರಿಗೂ ಗೊತ್ತು. ನಾನು ಕೆರೆ ಕೆಲಸಕ್ಕೆ ಇಳಿದಾಗ ಪಕ್ಕದ ಮನೆ ಅಣ್ಣ ಕೇಳಿದ್ದು, "ಡಿಗ್ರಿ ಓದಿ ನೀರಗಂಟಿ ಕೆಲ್ಸ ಏನಪ್ಪಾ?"

ಕೆರೆ ಅಂದರೆ ಎಲ್ಲರೂ ಹೂಳು ಎತ್ತಿಸೋಣ ಅಂತಾರೆ. ನನ್ನ ಪ್ರಕಾರ ಅದು ಆಮೇಲಿನ ಮಾತು. ನೀರು ಬರೋ ದಾರಿನೇ ಇಲ್ಲದಿದ್ದರೆ ಹೂಳು ತೆಗೆದ ಗುಂಡಿ ಸುಮ್ನೆ ಬಾಯಿ ಬಿಟ್ಟುಕೊಂಡಿರುತ್ತದೆ. ಹಾಗಾಗಿ ನಾನು ಶುರು ಮಾಡಿದ್ದು ರಾಜಕಾಲುವೆಯಿಂದ, ಅಂದರೆ ಕೆರೆಗೆ ನೀರು ತರೋ ದೊಡ್ಡ ಕಾಲುವೆಯಿಂದ. ಗ್ರಾಮ ನಕ್ಷೆಯಲ್ಲಿ ಹಳ್ಳ, ಕಾಲುವೆ ಎಲ್ಲಾ ಗೆರೆ ಎಳೆದು ತೋರಿಸಿರುತ್ತಾರೆ. ಅದರ ಪ್ರಿಂಟು ಕೈಯಲ್ಲಿ, ಸರ್ಕಾರದ ದಿಶಾಂಕ್ ಆ್ಯಪ್ ಮೊಬೈಲಲ್ಲಿ. ನಿಂತ ಜಾಗದ ಸರ್ವೆ ನಂಬರ್ ಆ್ಯಪೇ ತೋರಿಸುತ್ತದೆ. ನಮ್ಮ ಕೆರೆಯಿಂದ ಮೇಲಿನ ಕೆರೆ ಕೋಡಿಯವರೆಗೆ, ಅಂದರೆ ಆ ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹರಿಯೋ ಜಾಗದವರೆಗೆ, ನಡೆದೆ. ನಡುವೆ ಒಂದು ಕಡೆ ನೀಲಗಿರಿ ತೋಪು, ಒಂದು ಕಡೆ ಟೊಮೆಟೊ, ಒಂದು ಕಡೆ ಲೇಔಟು.

ಟೊಮೆಟೊ ಹಾಕಿದ್ದವರ ಹತ್ತಿರ ಊರಿನ ಹಿರಿಯರನ್ನು ಕರೆದುಕೊಂಡು ಸಂಜೆ ಹೊತ್ತು ಹೋದೆ. ಅರ್ಜಿ, ಪೊಲೀಸು ಅಂತ ಮೊದಲೇ ಹೋದರೆ ಮಾತು ಅಲ್ಲಿಗೇ ಮುಗಿಯುತ್ತದೆ, ಅಲ್ವಾ? "ನಮ್ಮಪ್ಪನ ಕಾಲದಿಂದ ಉಳ್ತಾ ಇದೀವಿ" ಅಂದರು. ನಕ್ಷೆ ಹರಡಿ ತೋರಿಸಿದೆ. ಕಾಲುವೆ ಬಿಟ್ಟರೆ ಅವರ ಬೋರಿಗೂ ನೀರು ಬರುತ್ತದೆ ಅನ್ನೋದನ್ನು ಹಿರಿಯರೇ ಹೇಳಿದರು. ಬೆಳೆ ಮುಗಿದ ಮೇಲೆ ಬಿಟ್ಟುಕೊಟ್ಟರು. ಲೇಔಟಿನವರು ಜಗ್ಗಲಿಲ್ಲ. ಆ ಅರ್ಜಿ ಇನ್ನೂ ಕಚೇರಿಯಲ್ಲಿದೆ.

ಅರ್ಜಿ ಕೊಡೋರಿಗೆ ಒಂದು ಮಾತು. ಕೆರೆ ಯಾರದು ಅಂತ ಮೊದಲು ತಿಳಿದುಕೊಳ್ಳಿ. ಅಚ್ಚುಕಟ್ಟು, ಅಂದರೆ ಆ ಕೆರೆ ನೀರು ಹಾಯುವ ಜಮೀನು, 40 ಹೆಕ್ಟೇರ್ ಒಳಗಿದ್ದರೆ ಜಿಲ್ಲಾ ಪಂಚಾಯಿತಿ, ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆ. ಇದು ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ನಿಮ್ಮನ್ನು ಅಲೆಸುತ್ತಾರೆ.

ಕಾಲುವೆಯಲ್ಲಿ ಬೆಳೆದಿದ್ದ ಜಾಲಿಯನ್ನು ಉದ್ಯೋಗ ಖಾತ್ರಿಯಲ್ಲಿ ತೆಗೆಸಿದೆವು. ಅದರಲ್ಲಿ ಜೆಸಿಬಿ ತರುವ ಹಾಗಿರಲಿಲ್ಲ, ಗುದ್ದಲಿ, ಹಾರೆನೇ ಗತಿ. ಜಾಲಿ ಕಡಿದರೆ ಮತ್ತೆ ಚಿಗುರುತ್ತದೆ, ಬುಡ ಸಮೇತ ಕೀಳಬೇಕು. ಹೆಂಗಸರು ಕೈ ತುಂಬಾ ಮುಳ್ಳು ಚುಚ್ಚಿಸಿಕೊಂಡರು.

ತೂಬಿನ ಕೆಲಸ ತಾತನೇ ಕಲಿಸಿದ್ದು. ಎರಡು ಕಲ್ಲು ಕಂಬ, ಅಡ್ಡಗಲ್ಲಿನ ತೂತಿನಿಂದ ಇಳಿದ ಮರದ ದಿಂಡು, ಅದರ ತುದಿ ಕೆಳಗಿನ ಕಂಡಿಗೆ ಕೂರಬೇಕು. ಕೂತಿದ್ದರೂ ಸಂದಿಯಲ್ಲಿ ನೀರು ಸೋರುತ್ತಿತ್ತು. ನಾನು ಎದೆಮಟ್ಟ ನೀರಲ್ಲಿ, ತಾತ ಏರಿ ಮೇಲೆ. "ಕಾಲಲ್ಲಿ ನೋಡೋ, ಎಳೀತೈತಾ?" ಪಾದದ ಪಕ್ಕ ತಣ್ಣಗೆ ಎಳೆಯುತ್ತಿತ್ತು. ಭತ್ತದ ಹುಲ್ಲನ್ನು ಹುರಿ ಮಾಡಿ, ಜೇಡಿಮಣ್ಣಲ್ಲಿ ಅದ್ದಿ, ಮುಳುಗಿ ಆ ಸಂದಿಗೆ ತುರುಕಿದೆ. ಸೆಳೆತ ನಿಂತಿತು.

ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರಿನ ಬಗ್ಗೆ ಎಲ್ಲರೂ ಕೇಳುತ್ತಾರೆ. 2018ರಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಮೊದಲು ಬಂದಿದ್ದು ಲಕ್ಷ್ಮೀಸಾಗರ ಕೆರೆಗೆ. ಆ ಜುಲೈನಲ್ಲೇ ಅಲ್ಲಿ ನೊರೆ ಕಾಣಿಸಿತು, ವಿಷಯ ಹೈಕೋರ್ಟಿಗೆ ಹೋಯಿತು. ಬೋರುಗಳು ಚೇತರಿಸಿಕೊಂಡಿದ್ದು ನಿಜ, ಇಲ್ಲ ಅನ್ನಲ್ಲ. ಆದರೆ ಎರಡು ಹಂತ ಸಾಲದು, ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಅನ್ನೋರ ಪರ ನಾನು. ನಮ್ಮ ಕೋಡಿ ನೀರು ನಮ್ಮ ಊರಲ್ಲೇ ನಿಲ್ಲುವುದಿಲ್ಲ. ಕೆರೆಯಿಂದ ಕೆರೆಗೆ ಇಳಿದು ಪಾಲಾರ್ ಸೇರುತ್ತದೆ. ಬೇತಮಂಗಲ ದಾಟಿ, ಆಂಧ್ರದಲ್ಲಿ ಸ್ವಲ್ಪ ದೂರ ಹೋಗಿ, ತಮಿಳುನಾಡಿನ ವಯಲೂರಿನ ಹತ್ತಿರ ಸಮುದ್ರಕ್ಕೆ ಬೀಳುತ್ತದೆ. 2021ರ ನವೆಂಬರ್ ಮಳೆಗೆ ಜಿಲ್ಲೆಯ ಕೆರೆಗಳು ಸಾಲಾಗಿ ಕೋಡಿ ಹರಿದವು. ನಮ್ಮ ಕೋಳಿ ಅಂಗಡಿಯ ಪುಕ್ಕ, ಪ್ಲಾಸ್ಟಿಕ್ ಕವರ್ ಎಲ್ಲಾ ವಯಲೂರಿನ ಕಡೆ ಮೀನುಗಾರರ ಬಲೆಗೆ ಹೋಗುವುದು ಹೀಗೇ. ಅದಕ್ಕೇ ಕಾಲುವೆ ಕೆರೆ ಸೇರುವ ಕಡೆ ಕಬ್ಬಿಣದ ಜಾಲರಿ ಕೂರಿಸಿದ್ದೇವೆ. ಮಳೆ ಬಂದ ಮರುದಿನ ಬೆಳಗ್ಗೆ ಅದರ ಕಸ ಎಳೆಯೋದು ನನ್ನ ಪಾಲಿನ ಕೆಲಸ.

ಇದನ್ನೆಲ್ಲಾ ಪುಕ್ಕಟೆ ಸೇವೆ ಅಂತ ಹೊಗಳಿದರೆ ನನಗೆ ಸಿಟ್ಟು ಬರುತ್ತದೆ. ತಾತನಿಗೆ ಆಯ ಇತ್ತು. ನೀರಗಂಟಿಗೆ ತಿಂಗಳ ಸಂಬಳ ಕೊಡಬೇಕು, ಯಾವ ಜಾತಿಯವರು ಬೇಕಾದರೂ ಆ ಕೆಲಸಕ್ಕೆ ಬರಬಹುದು ಅಂತ ಗ್ರಾಮಸಭೆಯ ಪುಸ್ತಕದಲ್ಲಿ ಬರೆಸಿದ್ದೇನೆ. ಮೊದಲನೆಯದಕ್ಕೆ ಎಲ್ಲರೂ ತಲೆಯಾಡಿಸಿದರು. ಎರಡನೆಯದಕ್ಕೆ ಯಾರೂ ಇನ್ನೂ ಹೆಸರು ಕೊಟ್ಟಿಲ್ಲ.